ಟ್ಯಾಂಕ್ ತುಂಬಿದರೆ ಅಡುಗೆಮನೆಯಲ್ಲಿ ಬೀಪ್

ನಮ್ಮ ಮನೆ ಮೈಸೂರಿನಲ್ಲಿ. ಕೆಳಗೆ ಸಂಪು, ತಾರಸಿ ಮೇಲೆ ಸಾವಿರ ಲೀಟರಿನ ಟ್ಯಾಂಕು. ಮೋಟರ್ ಹಾಕಿ ಮರೆತರೆ ನೀರು ಧೋ ಅಂತ ಸುರಿಯುತ್ತಿತ್ತು. ಬೇಸಿಗೆಯಲ್ಲಿ ಅಷ್ಟು ನೀರು ಚರಂಡಿ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. "ಮೇಲೆ ಹೋಗಿ ನೋಡ್ಕೊಂಡು ಬಾರೋ" ಅಂತ ಅಮ್ಮ ದಿನಾ ಕೂಗುತ್ತಿದ್ದರು. ಅದಕ್ಕೇ ಒಂದು ಉಪಾಯ ಮಾಡೋಣ ಅಂತ ಕೂತೆ.

ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ, ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಎರಡು ನೋಡ್‌ಎಂಸಿಯು ಬೋರ್ಡು, ದೂರ ಅಳೆಯುವ ಒಂದು ಎಚ್‌ಸಿ-ಎಸ್‌ಆರ್04 ಸೆನ್ಸರ್ ತಂದೆ. ಈ ಸೆನ್ಸರ್ ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಬಿಡುತ್ತದೆ. ಅದು ನೀರಿಗೆ ಬಡಿದು ವಾಪಸ್ ಬರಲು ಎಷ್ಟು ಮೈಕ್ರೋಸೆಕೆಂಡ್ ಬೇಕಾಯಿತೋ ಅದನ್ನು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಒಂದು ಎಚ್ಚರ: ಸೆನ್ಸರ್ ಕೊಡುವುದು 5 ವೋಲ್ಟ್, ಬೋರ್ಡಿನ ಪಿನ್ನಿಗೆ ಬೇಕಾದ್ದು 3.3. ನಡುವೆ 1ಕೆ ಮತ್ತು 2ಕೆ (ಕಿಲೋ ಓಮ್) ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಕೊಂಡೆ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಸೆನ್ಸರಿನ ಕಾಲುಗಳಿಗೆಲ್ಲ ಹಸಿರು ತುಕ್ಕು. ಟ್ಯಾಂಕಿನ ಒಳಗಿನ ಹಬೆ ಅದನ್ನು ತಿಂದುಹಾಕಿತ್ತು. ಆಮೇಲೆ ನೀರು ತಡೆಯುವ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿದೆ. ಇದಕ್ಕೆ ಒಂದೇ ಕಣ್ಣು, ಉದ್ದ ವೈರು. ಆದರೆ 20-25 ಸೆಂಟಿಮೀಟರಿಗಿಂತ ಹತ್ತಿರ ಏನಿದ್ದರೂ ಇದಕ್ಕೆ ಗೊತ್ತಾಗುವುದಿಲ್ಲ. ಟ್ಯಾಂಕ್ ತುಂಬಿ ತುಳುಕುವಾಗಲೇ ಬಾಯಿಗೆ ಬಂದ ಲೆಕ್ಕ ಹೇಳುತ್ತಿತ್ತು! ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಿ ನೋಡಿದೆ. ಶಬ್ದ ಪೈಪಿನ ಗೋಡೆಗೇ ಬಡಿದು ಬಂತು. ಕೊನೆಗೆ ಪೈಪ್ ತೆಗೆದು, ನೀರು 30 ಸೆಂಟಿಮೀಟರ್ ದೂರಕ್ಕೆ ಬಂದರೆ "ತುಂಬಿತು" ಅಂತ ಪ್ರೋಗ್ರಾಮಿನಲ್ಲಿ ಬರೆದುಬಿಟ್ಟೆ. ಮೇಲೆ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ, ಉಳಿಯಲಿ.

ಇನ್ನೊಂದು ಕಾಟ ಇತ್ತು. ಬೋರ್ಡು ಪದೇ ಪದೇ ಆಫ್ ಆಗಿ ಆನ್ ಆಗುತ್ತಿತ್ತು. ಎರಡು ಭಾನುವಾರ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಮೂರನೇ ಭಾನುವಾರ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ತಾರಸಿಗೆ ಹೋದೆ. ಕೆಳಗೆ ಚಾರ್ಜರಿನಲ್ಲಿ 5 ವೋಲ್ಟ್ ಸರಿಯಾಗಿದೆ, ಮೇಲೆ ಬೋರ್ಡಿನ ಹತ್ತಿರ ವೈಫೈ ಶುರುವಾದ ತಕ್ಷಣ 4.2ಕ್ಕೆ ಇಳಿಯುತ್ತಿದೆ. ಹನ್ನೆರಡು ಮೀಟರ್ ತೆಳು ವೈರು ಎಳೆದಿದ್ದೆನಲ್ಲ, ಉಳಿದದ್ದನ್ನು ಅದೇ ನುಂಗುತ್ತಿತ್ತು. ಹಳೇ ಮೊಬೈಲ್ ಚಾರ್ಜರನ್ನು ಮೆಟ್ಟಿಲ ಮೇಲಿನ ಕೋಣೆಗೇ ತಂದು ಹಾಕಿದೆ, ಸರಿಹೋಯಿತು. ನನ್ನ ಡಬ್ಬದಲ್ಲಿರುವ ಸಾಮಾನಿನಲ್ಲೆಲ್ಲ ನನಗೆ ತುಂಬಾ ಇಷ್ಟ ಆ ಮಲ್ಟಿಮೀಟರೇ. ಹೊಸಬರು ಕೇಳಿದರೆ ಮೊದಲು ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಆಮೇಲೆ ಬೆಸುಗೆ ಹಾಕುವ 25 ವ್ಯಾಟಿನ ಸೋಲ್ಡರಿಂಗ್ ಐರನ್. ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ವೈರು ಮತ್ತು ಬೋರ್ಡಿನ ತಾಮ್ರ ಎರಡಕ್ಕೂ ಒಟ್ಟಿಗೆ ತಾಗಿಸಬೇಕು. ಎರಡು ಎಣಿಸಿ ಲೆಡ್ (ಬೆಸುಗೆಯ ತಂತಿ) ಮುಟ್ಟಿಸಿದರೆ ಅದು ತಾನೇ ಹರಿದು ಪುಟ್ಟ ಗುಡ್ಡದ ಹಾಗೆ ಹೊಳೆಯುತ್ತಾ ಕೂರುತ್ತದೆ. ಮಂಕಾಗಿ ಉಂಡೆ ಕಟ್ಟಿದರೆ ಆ ಬೆಸುಗೆ ಹಿಡಿದಿಲ್ಲ ಅಂತ ಅರ್ಥ. ಕಿಟಕಿ ತೆಗೆದಿಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆ ತಂತಿಯಲ್ಲಿ ಸೀಸ ಇರುತ್ತದೆ.

ಮೋಟರನ್ನೂ ತಾನಾಗೇ ಆಫ್ ಮಾಡಿಸು ಅಂತ ಗೆಳೆಯರು ಹೇಳಿದರು. ಬೇಡ ಅಂದೆ. ಒಂದು ಎಚ್‌ಪಿ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಬೋರ್ಡಿಗೆ ಜೋಡಿಸುವ ಪುಟ್ಟ ನೀಲಿ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್ಚು) ಅದನ್ನು ತಡೆಯುವುದು ಕಷ್ಟ. ಅಷ್ಟು ಕರೆಂಟ್ ತಡೆಯುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಹಾಕಬೇಕು, 230 ವೋಲ್ಟಿನ ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು.

ಹಾಗಾಗಿ ಇನ್ನೊಂದು ಬೋರ್ಡಿಗೆ ಬಜರ್ ಕಟ್ಟಿ ಅಡುಗೆಮನೆಯಲ್ಲಿ, ಸಾಂಬಾರ ಡಬ್ಬಿಗಳ ಪಕ್ಕ ಇಟ್ಟಿದ್ದೇನೆ. ಅದು ಬೀಪ್ ಅಂದರೆ ಅಮ್ಮ ಒಲೆ ಸಣ್ಣ ಮಾಡಿ ಹೋಗಿ ಮೋಟರ್ ಆರಿಸಿ ಬರುತ್ತಾರೆ. ಮೊನ್ನೆ ಪಕ್ಕದ ಮನೆಯ ಆಂಟಿ ಬಂದಿದ್ದಾಗ ಬೀಪ್ ಆಯಿತು. "ನಮಗೂ ಒಂದು ಮಾಡಿಕೊಡ್ತೀಯೇನಪ್ಪಾ?" ಅಂದರು. ಈ ಭಾನುವಾರ ಅವರ ತಾರಸಿ ಹತ್ತಬೇಕು.