ಹಳೆಯ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹೋಲಿಸುವುದು ಹೇಗೆ? ಕಾರ್ಟ್ರಿಜ್ ಮೊದಲು, ಹೆಸರು ಆಮೇಲೆ

ರೆಕಾರ್ಡ್ ಓದುವ ಸೂಜಿಯಿರುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಕೊಡುವ ವೋಲ್ಟೇಜ್ ತೀರಾ ಸಣ್ಣದು. ಡೆನಾನ್ ಡಿಎಲ್-103ರಿಂದ ಬರುವುದು 0.3 ಮಿಲಿವೋಲ್ಟ್, ಆರ್ಟೊಫೋನ್ ಎಸ್‌ಪಿಯುನಿಂದ ಸುಮಾರು 0.2. ಹೆಚ್ಚು ವೋಲ್ಟೇಜ್ ಕೊಡುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆಂದು ಮಾಡಿದ, ಆಂಪ್ಲಿಫೈಯರ್‌ನ ಸಾಮಾನ್ಯ ಫೋನೊ ಇನ್‌ಪುಟ್‌ಗೆ ಬೇಕಾಗಿರುವುದು 3ರಿಂದ 5 ಮಿಲಿವೋಲ್ಟ್. ಈ ಅಂತರವನ್ನು ವಿದ್ಯುತ್ ಸಂಪರ್ಕವೇ ಇಲ್ಲದೆ, ತಾಮ್ರದ ತಂತಿಯ ಎರಡು ಸುರುಳಿ ಮತ್ತು ಒಂದು ನಿಕಲ್ ಮಿಶ್ರಲೋಹದ ಕೋರ್‌ನಿಂದ ತುಂಬುವುದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ವೆಸ್ಟರ್ನ್ ಎಲೆಕ್ಟ್ರಿಕ್ 618ಬಿ, ಯುಟಿಸಿ ಎ-10, ಡೆನಾನ್ ಎಯು-320, ಫಿಡೆಲಿಟಿ ರಿಸರ್ಚ್ ಎಫ್‌ಆರ್‌ಟಿ-3, ಪಾರ್ಟ್ರಿಜ್, ಹಾಫೆ ಹೀಗೆ ದಶಕಗಳ ಹಿಂದಿನ ಹೆಸರುಗಳಿಗೆ ಇಂದಿಗೂ ಬೇಡಿಕೆ ಇದೆ. ‘ಇದರ ಬಾಸ್ ದಪ್ಪ’, ‘ಅದರ ಮೇಲಿನ ಸ್ವರ ಮೃದು’ ಎಂಬ ಮಾತುಗಳೂ ಜೊತೆಗೇ ಓಡಾಡುತ್ತವೆ.

ಆ ಮಾತುಗಳಲ್ಲಿ ಹೆಚ್ಚಿನವು ಟ್ರಾನ್ಸ್‌ಫಾರ್ಮರ್ ಒಂದರದ್ದೇ ಗುಣವನ್ನು ಹೇಳುವುದಿಲ್ಲ. ಯಾವ ಕಾರ್ಟ್ರಿಜ್‌ಗೆ ಯಾವ ಅನುಪಾತದಲ್ಲಿ ಜೋಡಿಸಿದರು ಎಂಬುದರ ಫಲಿತಾಂಶವನ್ನು ಹೇಳುತ್ತವೆ. ಒಂದೇ ಪೆಟ್ಟಿಗೆ ಎಸ್‌ಪಿಯು ಜೊತೆ ಅದ್ಭುತವಾಗಿ ಹಾಡಿ, ಡಿಎಲ್-103 ಜೊತೆ ಸೊರಗಬಹುದು. ಆದ್ದರಿಂದ ಹೋಲಿಕೆ ಕಾಗದದ ಮೇಲೆ ಶುರುವಾಗಬೇಕು. ಅಳತೆ ಎರಡನೆಯದು, ಕಿವಿ ಕೊನೆಯದು.

ಹಂತ 1: ಅನುಪಾತದ ಲೆಕ್ಕ

ಕಾರ್ಟ್ರಿಜ್‌ನ ಕೈಪಿಡಿಯಿಂದ ಎರಡು ಅಂಕಿ ಬರೆದುಕೊಳ್ಳಿ: ಔಟ್‌ಪುಟ್ ವೋಲ್ಟೇಜ್ ಮತ್ತು ಒಳಗಿನ ಇಂಪೀಡೆನ್ಸ್ (ಎಸಿ ಸಿಗ್ನಲ್‌ಗೆ ಒಡ್ಡುವ ತಡೆ). ಡಿಎಲ್-103ಗೆ 0.3 ಮಿಲಿವೋಲ್ಟ್, 40 ಓಮ್. ಎಸ್‌ಪಿಯುಗೆ 0.2 ಮಿಲಿವೋಲ್ಟ್, ಸುಮಾರು 2 ಓಮ್.

1:10 ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು 10 ಪಟ್ಟು ಏರಿಸುತ್ತದೆ. ಆದರೆ ಅದೇ ಹೊತ್ತಿಗೆ ಫೋನೊ ಇನ್‌ಪುಟ್‌ನ 47 ಕಿಲೋಓಮ್, ಕಾರ್ಟ್ರಿಜ್‌ನ ಕಡೆಯಿಂದ ನೋಡಿದಾಗ, 10ರ ವರ್ಗದಷ್ಟು, ಅಂದರೆ 100 ಪಟ್ಟು ಕುಗ್ಗಿ 470 ಓಮ್ ಆಗಿ ಕಾಣುತ್ತದೆ. 1:20ರಲ್ಲಿ ಅದು 117 ಓಮ್, 1:30ರಲ್ಲಿ 52, 1:40ರಲ್ಲಿ ಬರೀ 29. ಅನುಪಾತ ಏರಿದಂತೆ ಈ ಓಮ್ ಅಂಕಿ ಇಳಿದು, ಕಾರ್ಟ್ರಿಜ್ ಹೊರಬೇಕಾದ ಲೋಡ್ ಭಾರವಾಗುತ್ತ ಹೋಗುತ್ತದೆ.

ನಿಜವಾಗಿ ಸಿಗುವ ವೋಲ್ಟೇಜ್ ಹೀಗೆ: ಕಾರ್ಟ್ರಿಜ್ ವೋಲ್ಟೇಜ್ × ಅನುಪಾತ × ಲೋಡ್ ÷ (ಲೋಡ್ + ಕಾರ್ಟ್ರಿಜ್ ಇಂಪೀಡೆನ್ಸ್). ಡಿಎಲ್-103ಗೆ ಲೆಕ್ಕ ಹಾಕಿದರೆ 1:10ರಲ್ಲಿ 2.8 ಮಿಲಿವೋಲ್ಟ್, 1:20ರಲ್ಲಿ 4.5, 1:36ರಲ್ಲಿ 5.1, 1:40ರಲ್ಲೂ 5.1. ಅಂದರೆ 1:20ರಿಂದ 1:36ಕ್ಕೆ ಹೋದರೆ ಸಿಗುವ ಲಾಭ 1.2 ಡೆಸಿಬೆಲ್ ಮಾತ್ರ, ಅಲ್ಲಿಂದಾಚೆ ಏನೂ ಇಲ್ಲ. ಎಸ್‌ಪಿಯು ಕಥೆ ಬೇರೆ. 1:10ರಲ್ಲಿ ಅದರಿಂದ ಬರುವುದು 2 ಮಿಲಿವೋಲ್ಟ್, 1:30ರಲ್ಲಿ 5.8 ಬಂದರೂ ನಷ್ಟ ಶೇ 4ರಷ್ಟೂ ಇಲ್ಲ.

ಕಾರ್ಟ್ರಿಜ್‌ಗೆ ಸಿಗುವ ಲೋಡ್ ಅದರ ಇಂಪೀಡೆನ್ಸ್‌ನ ಎರಡೂವರೆ ಪಟ್ಟಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಒಳ್ಳೆಯದು. ಡೆನಾನ್ ಡಿಎಲ್-103ಗೆ ಕನಿಷ್ಠ 100 ಓಮ್ ಎಂದಿರುವುದೂ ಇದೇ ಅಂದಾಜಿನದು. ಇಎಂಟಿ ಟಿಎಸ್‌ಡಿ 15ರಂಥ ಬಲವಾದ ಕಾರ್ಟ್ರಿಜ್ ಇದ್ದರೆ ಎಚ್ಚರ ಇನ್ನೊಂದು ಕಡೆಗೆ ಬೇಕು. ಅದು 1.05 ಮಿಲಿವೋಲ್ಟ್ ಕೊಡುತ್ತದೆ. 1:10ರಲ್ಲೇ ಸುಮಾರು 10 ಮಿಲಿವೋಲ್ಟ್ ತಲುಪಿ, ರೆಕಾರ್ಡ್‌ನ ಜೋರಾದ ಭಾಗಗಳಲ್ಲಿ ಫೋನೊ ಸ್ಟೇಜ್ (ಫೋನೊ ಇನ್‌ಪುಟ್‌ನ ವರ್ಧಕ) ಒಡೆದ ಸದ್ದು ಮಾಡಬಹುದು.

ಹಂತ 2: ಡಬ್ಬಿಯ ಮೇಲಿನ ಬರಹ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಸ್ವಿಚ್ ಪಕ್ಕದಲ್ಲಿ ‘40 ಓಮ್’ ಎಂದಿದ್ದರೆ ಅದು ಕಾರ್ಟ್ರಿಜ್ ಮೇಲೆ ಬೀಳುವ ಲೋಡ್ ಅಲ್ಲ. 40 ಓಮ್ ಆಸುಪಾಸಿನ ಕಾರ್ಟ್ರಿಜ್‌ಗೆ ಈ ಸ್ಥಾನ ಎಂದರ್ಥ. ಲೋಡ್ ಎಷ್ಟೆಂಬುದು ಅನುಪಾತದಿಂದ ಮಾತ್ರ ತಿಳಿಯುತ್ತದೆ.

ವೆಸ್ಟರ್ನ್ ಎಲೆಕ್ಟ್ರಿಕ್, ಯುಟಿಸಿ ಕಡೆಯವು ಹೆಚ್ಚಾಗಿ ಮೈಕ್ ಅಥವಾ ಲೈನ್ ಇನ್‌ಪುಟ್‌ಗೆಂದು ಮಾಡಿದವು. ಅವುಗಳ ಮೇಲೆ ಅನುಪಾತ ಬರೆದಿರುವುದಿಲ್ಲ, ಇಂಪೀಡೆನ್ಸ್ ಬರೆದಿರುತ್ತದೆ. ಸೆಕೆಂಡರಿ (ಫೋನೊ ಕಡೆಯ ಸುರುಳಿ) ಅಂಕಿಯನ್ನು ಪ್ರೈಮರಿ (ಕಾರ್ಟ್ರಿಜ್ ಕಡೆಯ ಸುರುಳಿ) ಅಂಕಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಅನುಪಾತ ಸಿಗುತ್ತದೆ. ಯುಟಿಸಿ ಎ-10ರ ಪ್ರೈಮರಿಗೆ 50ರಿಂದ 500/600 ಓಮ್‌ವರೆಗೆ ಹಲವು ಟ್ಯಾಪ್‌ಗಳಿವೆ (ತಂತಿ ಜೋಡಿಸುವ ಬೇರೆ ಬೇರೆ ಬಿಂದುಗಳು), ಸೆಕೆಂಡರಿ 50,000. ಹಾಗಾಗಿ 50 ಓಮ್ ಟ್ಯಾಪ್‌ನಲ್ಲಿ 1:31.6, 200ರಲ್ಲಿ 1:15.8, 500ರಲ್ಲಿ 1:10. ಒಂದೇ ಡಬ್ಬಿ, ಮೂರು ಬೇರೆ ಬೇರೆ ಟ್ರಾನ್ಸ್‌ಫಾರ್ಮರ್. ‘ಎ-10 ಹೇಗಿದೆ?’ ಎಂದು ಕೇಳಿದವರಿಗೆ ಯಾವ ಟ್ಯಾಪ್ ಎಂದು ಮರುಪ್ರಶ್ನೆ ಹಾಕದೆ ಉತ್ತರಿಸಲಾಗದು.

ಹಂತ 3: ಓಮ್‌ಮೀಟರ್ ದೂರವಿರಲಿ

ಕೊಂಡ ಕೂಡಲೇ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ‘ತಂತಿ ತುಂಡಾಗಿದೆಯೇ’ ಎಂದು ನೋಡುವ ಅಭ್ಯಾಸ ಹಲವರಿಗಿದೆ. ಈ ಟ್ರಾನ್ಸ್‌ಫಾರ್ಮರ್‌ಗಳಿಗೆ ಅದು ಬೇಡ. ಮೀಟರ್ ಹರಿಸುವ ಸಣ್ಣ ಡಿಸಿ ಕರೆಂಟ್ ಕೂಡ ನಿಕಲ್ ಕೋರ್‌ನಲ್ಲಿ ಕಾಂತತ್ವ ಉಳಿಸಿಬಿಡುತ್ತದೆ. ಆಗ ಸುರುಳಿಯ ಇಂಡಕ್ಟನ್ಸ್ (ಕರೆಂಟ್‌ನ ಬದಲಾವಣೆಯನ್ನು ತಡೆಯುವ ಗುಣ) ಇಳಿದು ಬಾಸ್ ಸೊರಗುತ್ತದೆ, ವಿಕೃತಿ ಏರುತ್ತದೆ. ಕಾರ್ಟ್ರಿಜ್ ಜೋಡಿಸಿರುವಾಗಲಂತೂ ಮೀಟರ್ ತಾಗಿಸಲೇಬಾರದು. ಅದರ ಕೂದಲೆಳೆಯ ಕಾಯಿಲ್‌ಗೂ ಹಾನಿಯಾಗಬಹುದು. ಸುತ್ತು ಸರಿಯಾಗಿದೆಯೇ ಎಂದು ತಿಳಿಯಲು ಎಸಿ ಸಿಗ್ನಲ್ ಹಾಯಿಸಿದರೆ ಸಾಕು.

ಹಿಂದಿನ ಮಾಲೀಕರು ಏನು ಮಾಡಿದ್ದಾರೋ ಗೊತ್ತಿಲ್ಲದ ಕಾರಣ, ಹಳೆಯ ಟ್ರಾನ್ಸ್‌ಫಾರ್ಮರನ್ನು ಒಮ್ಮೆ ಡಿಮ್ಯಾಗ್ನೆಟೈಸ್ ಮಾಡುವುದು ಉತ್ತಮ. ಕಾರ್ಟ್ರಿಜ್ ಮತ್ತು ಫೋನೊ ಸ್ಟೇಜ್ ಎರಡನ್ನೂ ಬಿಚ್ಚಿ, ಪ್ರೈಮರಿಗೆ 20 ಹರ್ಟ್ಸ್ ಸೈನ್ ತರಂಗ ಕೊಡಿ. ಸೆಕೆಂಡರಿಯಲ್ಲಿ ಆಸಿಲೋಸ್ಕೋಪ್ ಇಟ್ಟುಕೊಂಡು, ತರಂಗದ ಆಕಾರ ಕೆಡುವವರೆಗೆ ಮಟ್ಟ ಏರಿಸಿ, ಆಮೇಲೆ ಅರ್ಧ ನಿಮಿಷ ತೆಗೆದುಕೊಂಡು ನಿಧಾನವಾಗಿ ಸೊನ್ನೆಗೆ ಇಳಿಸಿ. ನಡುವೆ ಸಿಗ್ನಲ್ ಥಟ್ಟನೆ ಕಡಿದುಹೋದರೆ ಮೊದಲಿನಿಂದ ಮಾಡಬೇಕು. ಕಡಿದ ಕ್ಷಣದ ಕಾಂತತ್ವ ಕೋರ್‌ನಲ್ಲಿ ಹಾಗೇ ಉಳಿದಿರುತ್ತದೆ.

ಕಾಂತಕ್ಷೇತ್ರ ತಡೆಯುವ ಹೊರಗಿನ ಮ್ಯೂ-ಮೆಟಲ್ ಕವಚವೂ ಸೂಕ್ಷ್ಮ. ಕೆಳಗೆ ಬಿದ್ದರೆ, ಬಡಿದರೆ, ತೂತು ಕೊರೆದರೆ ಅದರ ರಕ್ಷಣೆಯ ಶಕ್ತಿ ಕುಗ್ಗುತ್ತದೆ. ಜಜ್ಜಿದ ಡಬ್ಬಿ ಇರುವ ಜೋಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ.

ಹಂತ 4: ಕಾರ್ಟ್ರಿಜ್‌ನ ವೇಷ ಹಾಕಿದ ರೆಸಿಸ್ಟರ್‌ನಿಂದ ಅಳತೆ

ಕಂಪ್ಯೂಟರ್‌ಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಮತ್ತು ನಾಲ್ಕಾರು ರೆಸಿಸ್ಟರ್ ಇದ್ದರೆ ಸಾಕು. ಇಂಟರ್‌ಫೇಸ್ ಔಟ್‌ಪುಟ್‌ನಿಂದ 10 ಕಿಲೋಓಮ್ ರೆಸಿಸ್ಟರ್, ಅದರ ತುದಿಯಿಂದ ಅರ್ಥ್‌ಗೆ 39 ಓಮ್ ರೆಸಿಸ್ಟರ್. ಈ 39 ಓಮ್‌ನ ಎರಡು ತುದಿಗೆ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ. 1 ವೋಲ್ಟ್ ಕೊಟ್ಟರೆ ಪ್ರೈಮರಿಗೆ ಸಿಗುವುದು ಸುಮಾರು 3.9 ಮಿಲಿವೋಲ್ಟ್, ಮೂಲದ ಇಂಪೀಡೆನ್ಸ್ ಹೆಚ್ಚುಕಡಿಮೆ ಡಿಎಲ್-103ರಷ್ಟೇ. ಎಸ್‌ಪಿಯುಗಾಗಿ ಅಳೆಯುವಾಗ 39ರ ಜಾಗಕ್ಕೆ 2.2 ಓಮ್ ಹಾಕಿ. ಸೆಕೆಂಡರಿಯನ್ನು ಗಿಟಾರ್ ಇನ್‌ಪುಟ್‌ಗೆ ಕೊಟ್ಟು, ಅಡ್ಡಲಾಗಿ 47 ಕಿಲೋಓಮ್ ಹಾಕಬೇಕು. ಮಾಮೂಲಿ ಲೈನ್ ಇನ್‌ಪುಟ್‌ನ ಇಂಪೀಡೆನ್ಸ್ 10-20 ಕಿಲೋಓಮ್ ಮಾತ್ರ ಇರುವುದರಿಂದ ಅದರಲ್ಲಿ ಅಳೆದರೆ ಲೋಡ್ ತಪ್ಪಾಗುತ್ತದೆ.

ಮೊದಲು 1 ಕಿಲೋಹರ್ಟ್ಸ್‌ನಲ್ಲಿ ಎರಡೂ ಚಾನೆಲ್‌ಗಳ ಮಟ್ಟ ನೋಡಿ. ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಜೋಡಿಯೇ ಅಲ್ಲ. ಮೈಕ್ ಟ್ರಾನ್ಸ್‌ಫಾರ್ಮರ್‌ಗಳು ಬಿಡಿಬಿಡಿಯಾಗಿ ತಯಾರಾದವು. ಬೇರೆ ಬೇರೆ ವರ್ಷದ ಎರಡನ್ನು ಸೇರಿಸಿ ಜೋಡಿ ಎಂದು ಮಾರುವುದುಂಟು.

ಆಮೇಲೆ 20 ಹರ್ಟ್ಸ್‌ನಿಂದ ಮೇಲಕ್ಕೆ ಸ್ವೀಪ್, ಅಂದರೆ ಆವರ್ತನ ಏರಿಸುತ್ತ ಅಳೆಯುವುದು. ಕೆಳಗಿನ ತುದಿಯನ್ನು ನಿರ್ಧರಿಸುವುದು ಪ್ರೈಮರಿಯ ಇಂಡಕ್ಟನ್ಸ್, ಮತ್ತು ಹೋಲಿಕೆಯ ಜೀವಾಳವೇ ಇದು. ಒಂದು ಉದಾಹರಣೆ. 0.1 ಹೆನ್ರಿ ಪ್ರೈಮರಿಯ 1:30 ಟ್ರಾನ್ಸ್‌ಫಾರ್ಮರ್‌ಗೆ 2 ಓಮ್ ಕಾರ್ಟ್ರಿಜ್ ಜೋಡಿಸಿದರೆ ಬಾಸ್ 3 ಡೆಸಿಬೆಲ್ ಇಳಿಯುವುದು 3 ಹರ್ಟ್ಸ್‌ನಲ್ಲಿ, ಅಂದರೆ ಚಿಂತೆಯೇ ಇಲ್ಲ. ಅದಕ್ಕೇ 40 ಓಮ್ ಕಾರ್ಟ್ರಿಜ್ ಜೋಡಿಸಿದರೆ 36 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಹೋಯಿತು. ಡಿಎಲ್-103ಗೆ 1:10 ಬಳಸಿ 5 ಹರ್ಟ್ಸ್‌ವರೆಗೆ ಇಳಿಯಬೇಕೆಂದರೆ ಪ್ರೈಮರಿಯಲ್ಲಿ ಸುಮಾರು 1.2 ಹೆನ್ರಿ ಬೇಕು. ‘ತೆಳು ಸದ್ದಿನ ಟ್ರಾನ್ಸ್‌ಫಾರ್ಮರ್’ ಎಂಬ ದೂರಿನ ಹಿಂದೆ ಅನೇಕ ಸಲ ಇಷ್ಟೇ ಇರುತ್ತದೆ. ಎ-10ರಂಥವುಗಳಲ್ಲಿ 50ರ ಟ್ಯಾಪ್ ಬಿಟ್ಟು 500ರದ್ದಕ್ಕೆ ಹೋದರೆ ಇಂಡಕ್ಟನ್ಸ್ 10 ಪಟ್ಟಾಗುತ್ತದೆ. ಮೆತ್ತಗಾದ ಬಾಸ್ ಗಟ್ಟಿಯಾಗುವುದನ್ನು ಅಲ್ಲಿ ಕೇಳಿಯೇ ಅನುಭವಿಸಬೇಕು.

ಸ್ವೀಪನ್ನು ಎರಡು ಮಟ್ಟದಲ್ಲಿ ಮಾಡಿ: ಒಮ್ಮೆ 3.9 ಮಿಲಿವೋಲ್ಟ್‌ನಲ್ಲಿ, ಇನ್ನೊಮ್ಮೆ ಅದರ ಹತ್ತನೇ ಒಂದರಲ್ಲಿ. ತೀರಾ ಸಣ್ಣ ಸಿಗ್ನಲ್‌ನಲ್ಲಿ ಕೋರ್‌ನ ಕಾಂತ ವಾಹಕತೆ ಕಡಿಮೆ, ಹಾಗಾಗಿ ಇಂಡಕ್ಟನ್ಸ್ ಕೂಡ ಕಡಿಮೆ. ಎರಡೂ ಮಟ್ಟದಲ್ಲಿ ಬಾಸ್ ಒಂದೇ ಸಮನಿದ್ದರೆ ಕೋರ್ ಉತ್ತಮ ದರ್ಜೆಯದು. ಹಳೆಯ ಒಳ್ಳೆಯ ಟ್ರಾನ್ಸ್‌ಫಾರ್ಮರ್‌ಗಳು ತಮ್ಮ ಹೆಸರನ್ನು ನಿಜಕ್ಕೂ ಉಳಿಸಿಕೊಳ್ಳುವುದು ಈ ಪರೀಕ್ಷೆಯಲ್ಲಿ.

ಮೇಲಿನ ತುದಿಯಲ್ಲಿ ನೋಡಬೇಕಾದದ್ದು ಉಬ್ಬು. ಸೆಕೆಂಡರಿಯ ಕೆಪಾಸಿಟನ್ಸ್ ಮತ್ತು ಲೀಕೇಜ್ ಇಂಡಕ್ಟನ್ಸ್ ಸೇರಿ ಎಲ್ಲೋ ಒಂದೆಡೆ ಅನುರಣಿಸುತ್ತವೆ. ಅದು 20 ಕಿಲೋಹರ್ಟ್ಸ್‌ನಿಂದ ಬಹಳ ಮೇಲಿದ್ದರೆ ಬಿಟ್ಟುಬಿಡಿ. 15-25 ಕಿಲೋಹರ್ಟ್ಸ್ ನಡುವೆ 2-3 ಡೆಸಿಬೆಲ್ ಏರುತ್ತಿದ್ದರೆ ‘ಸ’, ‘ಶ’ ಅಕ್ಷರಗಳು ಚುಚ್ಚುತ್ತವೆ. ಮೊದಲ ಅನುಮಾನ ಕೇಬಲ್ ಮೇಲಿರಲಿ. ಸೆಕೆಂಡರಿಯಿಂದ ಫೋನೊಗೆ ಹೋಗುವ ಕೇಬಲ್‌ನ 150 ಪಿಕೋಫ್ಯಾರಡ್, 1:30ರಲ್ಲಿ ಕಾರ್ಟ್ರಿಜ್ ಕಡೆಗೆ 900 ಪಟ್ಟಾಗಿ 135 ನ್ಯಾನೋಫ್ಯಾರಡ್‌ನಂತೆ ಕಾಣುತ್ತದೆ. ಈ ಕೇಬಲ್ ಅರ್ಧ ಮೀಟರ್ ಮೀರದಿರಲಿ. ಆದರೂ ಉಬ್ಬು ಉಳಿದರೆ, ಕೆಲವು ನೂರು ಪಿಕೋಫ್ಯಾರಡ್ ಕೆಪಾಸಿಟರನ್ನು 50 ಕಿಲೋಓಮ್ ವೇರಿಯಬಲ್ ರೆಸಿಸ್ಟರ್ ಜೊತೆ ಸರಣಿಯಲ್ಲಿ ಸೆಕೆಂಡರಿಗೆ ಅಡ್ಡಲಾಗಿ ಹಾಕಿ, 10 ಕಿಲೋಹರ್ಟ್ಸ್ ಸ್ಕ್ವೇರ್ ತರಂಗದ ಮೂಲೆಯ ಅಲುಗಾಟ ನಿಲ್ಲುವವರೆಗೆ ತಿರುಗಿಸಿ. ಸಿಕ್ಕ ಬೆಲೆಗೆ ಸಮೀಪದ ಮೆಟಲ್ ಫಿಲ್ಮ್ ರೆಸಿಸ್ಟರ್ ಬೆಸೆದುಬಿಡಿ.

ಹಂತ 5: ಜೋಡಣೆ ಮತ್ತು ಗುಂಯ್‌ಗುಟ್ಟುವಿಕೆ

ಟೋನ್‌ಆರ್ಮ್‌ನ ಅರ್ಥ್ ತಂತಿ ಟ್ರಾನ್ಸ್‌ಫಾರ್ಮರ್‌ನ ಕವಚಕ್ಕೆ, ಅಲ್ಲಿಂದ ಒಂದೇ ತಂತಿ ಫೋನೊ ಸ್ಟೇಜ್‌ನ ಅರ್ಥ್ ಸ್ಕ್ರೂಗೆ. ಆಂಪ್ಲಿಫೈಯರ್‌ನ ಪವರ್ ಟ್ರಾನ್ಸ್‌ಫಾರ್ಮರ್ ಮತ್ತು ಟರ್ನ್‌ಟೇಬಲ್ ಮೋಟಾರ್‌ನಿಂದ ದೂರವಿಡಿ. ಗುಂಯ್ ಬಂದರೆ ತಂತಿ ಬದಲಿಸುವ ಮೊದಲು ಪೆಟ್ಟಿಗೆಯನ್ನೇ ನಿಧಾನವಾಗಿ 90 ಡಿಗ್ರಿ ತಿರುಗಿಸಿ ನೋಡಿ. ತಿರುಗಿಸಿದಾಗ ಸದ್ದು ಬದಲಾದರೆ ಅದು ಹೊರಗಿನ ಕಾಂತಕ್ಷೇತ್ರದ್ದು. ಬದಲಾಗದಿದ್ದರೆ ಅರ್ಥ್‌ ಜೋಡಣೆಯದ್ದು.

ಹಳೆಯ ಪೆಟ್ಟಿಗೆಗಳ ಸ್ವಿಚ್ ಮತ್ತು ಸಾಕೆಟ್‌ಗಳಲ್ಲಿ ಕಿಲುಬು ಸಾಮಾನ್ಯ. ಮಿಲಿವೋಲ್ಟ್‌ಗಿಂತ ಸಣ್ಣ ಸಿಗ್ನಲ್ ಕಿಲುಬು ದಾಟಲಾರದೆ ಒಂದು ಚಾನೆಲ್ ಬಂದು ಹೋಗುತ್ತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸ್ವಿಚ್ಚನ್ನು ಇಪ್ಪತ್ತು ಸಲ ತಿರುಗಿಸಿದರೆ ಎಷ್ಟೋ ‘ಸತ್ತ’ ಟ್ರಾನ್ಸ್‌ಫಾರ್ಮರ್‌ಗಳು ಏಳುತ್ತವೆ. ಬಿಡಿ ಟ್ರಾನ್ಸ್‌ಫಾರ್ಮರ್‌ಗಳಿಗೆ ನೀವೇ ತಂತಿ ಬೆಸೆದಿದ್ದರೆ ಮೋನೊ ರೆಕಾರ್ಡ್ ಹಾಕಿ ಕೇಳಿ. ಬಾಸ್ ಮಾಯವಾಗಿ, ಧ್ವನಿ ನಡುವೆ ನಿಲ್ಲದೆ ಚದುರಿದರೆ ಒಂದು ಚಾನೆಲ್ ತಲೆಕೆಳಗಾಗಿದೆ.

ಹಂತ 6: ಕೇಳುವುದು

1:10 ಮತ್ತು 1:20 ನಡುವೆ ಡಿಎಲ್-103ಗೆ 4.2 ಡೆಸಿಬೆಲ್ ವ್ಯತ್ಯಾಸವಿದೆ. ಹಾಗೇ ಬದಲಿಸಿ ಕೇಳಿದರೆ ಜೋರಾಗಿರುವುದೇ ಗೆಲ್ಲುತ್ತದೆ. ಟೆಸ್ಟ್ ರೆಕಾರ್ಡ್‌ನ 1 ಕಿಲೋಹರ್ಟ್ಸ್ ಟ್ರ್ಯಾಕ್ ಹಾಕಿ, ಪ್ರೀಆಂಪ್ ಔಟ್‌ಪುಟ್‌ನಲ್ಲಿ ಎಸಿ ವೋಲ್ಟೇಜ್ ಅಳೆದು, 0.2 ಡೆಸಿಬೆಲ್ ಒಳಗೆ ಸರಿಹೊಂದಿಸಿ. ವಾಲ್ಯೂಮ್ ಸ್ಥಾನವನ್ನು ಬರೆದಿಟ್ಟುಕೊಳ್ಳಿ.

ಲೋಡನ್ನೂ ಸಮ ಮಾಡಬೇಕು, ಇದನ್ನು ಮಾಡುವವರು ಕಡಿಮೆ. 1:20 ತೋರಿಸುವುದು 117 ಓಮ್, 1:10 ತೋರಿಸುವುದು 470. 1:10ರ ಸೆಕೆಂಡರಿಗೆ ಅಡ್ಡಲಾಗಿ 15 ಅಥವಾ 16 ಕಿಲೋಓಮ್ ಹಾಕಿದರೆ ಅದೂ 117 ಓಮ್ ಸಮೀಪಕ್ಕೆ ಬರುತ್ತದೆ. ಮಟ್ಟ ಸುಮಾರು 2 ಡೆಸಿಬೆಲ್ ಇಳಿಯುವುದರಿಂದ ವಾಲ್ಯೂಮ್ ಮತ್ತೆ ಹೊಂದಿಸಿ. ಇಷ್ಟಾದ ಮೇಲೆ ಎರಡರ ನಡುವೆ ಕೇಳುವ ವ್ಯತ್ಯಾಸ ಟ್ರಾನ್ಸ್‌ಫಾರ್ಮರ್‌ನದ್ದು ಎಂದು ಧೈರ್ಯವಾಗಿ ಹೇಳಬಹುದು. ಪಿಯಾನೊದ ಕೆಳಸ್ವರ, ಡಬಲ್ ಬಾಸ್ ತಂತಿ ಮೀಟಿದ ಕ್ಷಣ, ಹೆಣ್ಣುಧ್ವನಿಯ ಸಕಾರಗಳು ಇವಿಷ್ಟೇ ಭಾಗಗಳನ್ನು ಪುನಃ ಪುನಃ ಕೇಳಿ. ಬದಲಿಸುವ ಕೆಲಸ ಇನ್ನೊಬ್ಬರು ಮಾಡಲಿ, ಯಾವುದು ಹಾಕಿದೆ ಎಂದು ಅವರು ಹೇಳದಿರಲಿ.

ಡಿಎಲ್-103ಗೆ ನಮ್ಮ ಆಯ್ಕೆ 1 ಹೆನ್ರಿ ದಾಟಿದ ಪ್ರೈಮರಿಯ 1:10. ಫೋನೊ ಸ್ಟೇಜ್‌ನಲ್ಲಿ ಸುಯ್‌ಗುಟ್ಟುವಿಕೆ ಇದ್ದರೆ ಮಾತ್ರ 1:20. ಎಸ್‌ಪಿಯುಗೆ ಸಂಕೋಚವಿಲ್ಲದೆ 1:30. ಎರಡೂ ಕಾರ್ಟ್ರಿಜ್ ಬಳಸುವವರು ಟ್ಯಾಪ್‌ಗಳಿರುವ ಒಂದು ಜೋಡಿ ಮೈಕ್ ಟ್ರಾನ್ಸ್‌ಫಾರ್ಮರ್ ಹುಡುಕಲಿ. ಕೊಳ್ಳುವಾಗ ಮಾರುವವರಿಂದ 1 ಕಿಲೋಹರ್ಟ್ಸ್‌ನಲ್ಲಿ ಎರಡೂ ಚಾನೆಲ್‌ಗಳ ಅಳತೆಯನ್ನೂ, ಕವಚದ ನಾಲ್ಕೂ ಬದಿಯ ಚಿತ್ರವನ್ನೂ ಕೇಳಿ ಪಡೆಯಲಿ.