ಗಾಡಿ ಅಡಿಯ ಸ್ಟೆಪ್ನಿ: ಮಳೆಗಾಲಕ್ಕೆ ಮುಂಚೆ ಒಮ್ಮೆ ಇಳಿಸಿ ನೋಡಿ

ಇನ್ನೋವಾ, ಎರ್ಟಿಗಾ, ಸ್ಕಾರ್ಪಿಯೋ, ಬೊಲೆರೋ ಪಿಕಪ್ – ಇವುಗಳಲ್ಲೆಲ್ಲ ಸ್ಟೆಪ್ನಿ ಇರುವುದು ಗಾಡಿಯ ಅಡಿಯಲ್ಲಿ. ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಕಣ್ಣಿಗೆ ಬೀಳದ ಸಾಮಾನು ನೆನಪಿಗೂ ಬರುವುದಿಲ್ಲ ಅಲ್ವಾ? ಸ್ಟೆಪ್ನಿ ಅಂದ ಕೂಡಲೇ ಎಲ್ಲರೂ ಕೇಳುವುದು ಬೀಗದ ಬಗ್ಗೆ, ಕಳ್ಳರ ಬಗ್ಗೆ. ನನ್ನ ಪ್ರಕಾರ ನಮ್ಮ ಮಂಗಳೂರು, ಉಡುಪಿ ಕಡೆ ಕಳ್ಳನಿಗಿಂತ ತುಕ್ಕಿನ ಕಾಟ ಜಾಸ್ತಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ, ಅದರ ಮೇಲೆ ಉಪ್ಪು ಗಾಳಿ, ಕೆಂಪು ಮಣ್ಣಿನ ರಾಡಿ. ಇದೆಲ್ಲ ಹೋಗಿ ಕೂರುವುದು ಸ್ಟೆಪ್ನಿ ಹಿಡಿದಿರುವ ಸರಪಳಿ, ನಟ್ಟುಗಳ ಮೇಲೆ. ಮಲ್ಪೆಯಿಂದಲೋ ಮಂಗಳೂರು ದಕ್ಕೆಯಿಂದಲೋ ಮೀನು ಸಾಗಿಸುವ ಪಿಕಪ್ ಆದರೆ ಕೇಳುವುದೇ ಬೇಡ, ಐಸ್ ಕರಗಿದ ಉಪ್ಪು ನೀರು ಸೀದಾ ಸ್ಟೆಪ್ನಿ ಮೇಲೇ ಇಳಿಯುತ್ತದೆ.

ತುಕ್ಕು ಹಿಡಿದರೆ ಎರಡರಲ್ಲಿ ಒಂದು ಆಗುತ್ತದೆ. ಬೇಕಾದಾಗ ಸ್ಟೆಪ್ನಿ ಇಳಿಯುವುದಿಲ್ಲ. ಇಲ್ಲವೇ ಬೇಡದಾಗ ತಾನಾಗಿ ಕಳಚಿ ಬೀಳುತ್ತದೆ. ಹೆದ್ದಾರಿ 66ರಲ್ಲಿ ಹಿಂದೆ ಬೈಕಿನವನು ಬರುತ್ತಿರುವಾಗ ಅಷ್ಟು ತೂಕದ ಚಕ್ರ ರಸ್ತೆಗೆ ಬಿದ್ದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಪತ್ತನಾಜೆ ಹೊತ್ತಿಗೆ, ಅಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಮೇ ಕೊನೆಗೆ, ಮನೆ ಅಂಗಳದಲ್ಲಿ ಒಮ್ಮೆ ಇಳಿಸಿ ನೋಡಿ. ಶಿರಾಡಿ ಘಾಟಿಯಲ್ಲಿ ಮಳೆಗೆ ನೆನೆಯುತ್ತಾ ಮೊದಲ ಸಲ ಕಲಿಯುವ ಕೆಲಸ ಅಲ್ಲ ಮಾರಾಯ್ರೆ ಇದು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿಸಿ ನೋಡುವುದಕ್ಕೆ ಜಾಕ್ ಕೊಡುವ ಅಗತ್ಯ ಇಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಲೇಬೇಡಿ. ಬಿಚ್ಚುವ ಮೊದಲು ಬಗ್ಗಿ ಮೊಬೈಲಿನಲ್ಲಿ ಒಂದೆರಡು ಫೋಟೋ ತೆಗೆಯಿರಿ. ಚಕ್ರದ ಯಾವ ಮುಖ ಕೆಳಗಿತ್ತು, ವಾಲ್ವ್ ಎಲ್ಲಿತ್ತು ಅನ್ನುವುದು ವಾಪಸ್ ಹಾಕುವಾಗ ಬೇಕಾಗುತ್ತದೆ, ಏಕೆಂದರೆ ಇದು ಗಾಡಿಯಿಂದ ಗಾಡಿಗೆ ಬೇರೆ. ಮ್ಯಾನ್ಯುಯಲ್‌ನಲ್ಲೂ ಚಿತ್ರ ಇರುತ್ತದೆ.

ಹೆಚ್ಚಿನ ಗಾಡಿಗಳಲ್ಲಿ ಇರುವುದು ವಿಂಚ್. ಬಂಪರ್ ಹತ್ತಿರವೋ ಡಿಕ್ಕಿಯ ನೆಲದಲ್ಲೋ ಒಂದು ತೂತು ಇರುತ್ತದೆ, ಅದಕ್ಕೆ ಟೂಲ್ ಕಿಟ್ಟಿನ ರಾಡ್ ತೂರಿಸಿ ತಿರುಗಿಸಿದರೆ ಸರಪಳಿ ಅಥವಾ ಸ್ಟೀಲ್ ಕೇಬಲ್ ನಿಧಾನಕ್ಕೆ ಕೆಳಗೆ ಬರುತ್ತದೆ. ಸರಪಳಿಯ ತುದಿಯಲ್ಲಿರುವ ಕಬ್ಬಿಣದ ಪ್ಲೇಟ್ ಚಕ್ರದ ನಡುವಿನ ತೂತಿನಲ್ಲಿ ಕೂತು ಇಡೀ ಭಾರ ಹೊರುತ್ತದೆ. ಇನ್ನು ಕೆಲವದರಲ್ಲಿ ಬೋಲ್ಟ್ ಸಡಿಲ ಮಾಡಿದರೆ ಇಳಿಯುವ ಕ್ಯಾರಿಯರ್ ಇರುತ್ತದೆ.

ವಾಪಸ್ ಏರಿಸುವಾಗಲೇ ಹೆಚ್ಚಿನವರು ಅವಸರ ಮಾಡುವುದು. ಆ ಪ್ಲೇಟ್ ತೂತಿನಲ್ಲಿ ಪೂರ್ತಿ ಚಪ್ಪಟೆಯಾಗಿ ಕೂರಬೇಕು. ಸ್ವಲ್ಪ ಓರೆಯಾಗಿದ್ದರೂ ಚಕ್ರ ಮೇಲೇನೋ ಹೋಗುತ್ತದೆ, ಬಿಗಿಯಾಗಿದೆ ಅಂತಲೂ ಅನಿಸುತ್ತದೆ, ಆಮೇಲೆ ನಾಲ್ಕು ಹೊಂಡ ಹಾರಿದ ಮೇಲೆ ಪ್ಲೇಟ್ ಜಾರಿ ತನ್ನ ಜಾಗಕ್ಕೆ ಬರುತ್ತದೆ, ಸರಪಳಿ ಸಡಿಲವಾಗುತ್ತದೆ, ಚಕ್ರ ಅಲ್ಲಾಡಲು ಶುರು. ಆದ್ದರಿಂದ ಅರ್ಧ ಏರಿಸಿದಾಗ ಒಮ್ಮೆ ನಿಲ್ಲಿಸಿ ಬಗ್ಗಿ ನೋಡಿ. ಪಂಕ್ಚರ್ ಆದ ಅಲಾಯ್ ಚಕ್ರವನ್ನು ಅಡಿಗೆ ಹಾಕುತ್ತಿದ್ದರೆ ನಡುವಿನ ಕ್ಯಾಪ್ ತೆಗೆಯಿರಿ, ಇಲ್ಲದಿದ್ದರೆ ಪ್ಲೇಟ್ ದಾಟುವುದೇ ಇಲ್ಲ. ಹೊರಗಿನಿಂದ ತಂದು ಹಾಕಿಸಿದ ಅಗಲದ ಅಲಾಯ್ ಆದರೆ ಕ್ಯಾರಿಯರಿಗೆ ಸರಿ ಕೂರುತ್ತದಾ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಕೂರದಿದ್ದರೆ ಡಿಕ್ಕಿಯಲ್ಲೇ ಹಾಕಿಕೊಂಡು ಹೋಗುವುದು ವಾಸಿ.

ಚಕ್ರ ಮೇಲೆ ತಾಗಿದ ಮೇಲೂ ಚೆನ್ನಾಗಿ ಬಿಗಿ ಮಾಡಿ. ಕೆಲವು ವಿಂಚ್‌ಗಳು ಪೂರ್ತಿ ಬಿಗಿಯಾದಾಗ ಕಟಕ್ ಅನ್ನುತ್ತವೆ. ಆಮೇಲೆ ಎರಡೂ ಕೈಯಿಂದ ಟೈರನ್ನು ಹಿಡಿದು ಅಲ್ಲಾಡಿಸಿ. ಕದಲಬಾರದು. ಪಂಕ್ಚರ್ ಅಂಗಡಿಯ ಏರ್ ಗನ್ನಿನಿಂದ ವಿಂಚ್ ತಿರುಗಿಸಲು ಮಾತ್ರ ಬಿಡಬೇಡಿ, ಒಳಗಿನ ಹಲ್ಲು ಮುರಿಯಬಹುದು. ಒಂದಷ್ಟು ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಇನ್ನು ತುಕ್ಕು. ಇಳಿಸಿದಾಗ ಸರಪಳಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತೆಳ್ಳಗೆ ಗ್ರೀಸ್ ಹಚ್ಚಿ. ದಪ್ಪ ಹಚ್ಚಿದರೆ ಮರಳು ಅಂಟಿಕೊಂಡು ಇನ್ನೂ ಕೆಡುತ್ತದೆ. ಟೈರಿಗೆ ಗ್ರೀಸ್ ತಾಗಿಸಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸುಮ್ನೆ ಬಿಟ್ಟರೆ ಸಾಲದು, ಅದು ಬಿಡಿಸಲಿಕ್ಕೆ ಇರುವುದು, ಮಳೆಗಾಲ ಪೂರ್ತಿ ತಡೆಯುವುದಿಲ್ಲ. ಕೇಬಲ್‌ನ ಎಳೆ ಬಿಚ್ಚಿದ್ದರೆ, ಸರಪಳಿಯ ಕೊಂಡಿ ತೆಳ್ಳಗಾಗಿದ್ದರೆ ಬದಲಿಸಿ, ವೆಲ್ಡಿಂಗ್ ಮಾಡಿಸಬೇಡಿ. ಬೀಚಿನ ಮರಳಿನ ಮೇಲೆ ಗಾಡಿ ಇಳಿಸಿದ್ದರೆ ಅದೇ ದಿನ ಅಡಿಗೆ ಸಿಹಿ ನೀರು ಬಿಡಿ. ರಾಡ್ ತೂರಿಸುವ ತೂತಿನ ರಬ್ಬರ್ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ. ವಿಂಚ್ ಈಗಾಗಲೇ ಜಾಮ್ ಆಗಿದೆಯಾ? ಸುತ್ತಿಗೆ ತೆಗೆಯಬೇಡಿ, ಸ್ಪ್ರೇ ಹೊಡೆದು ರಾತ್ರಿ ಇಡೀ ಬಿಟ್ಟು ಬೆಳಿಗ್ಗೆ ನೋಡಿ, ಆಗಲೂ ಬಾರದಿದ್ದರೆ ಗ್ಯಾರೇಜಿಗೆ ಹೋಗಿ.

ಈಗ ಬೀಗ. ವಿಂಚಿನ ತೂತನ್ನೇ ಮುಚ್ಚುವ ಸ್ಟೆಪ್ನಿ ಲಾಕ್ ಸಿಗುತ್ತದೆ, ಆದರೆ ಕೇಬಲ್ ಕತ್ತರಿಸುವವನಿಗೆ ಅದು ಲೆಕ್ಕಕ್ಕಿಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಗಟ್ಟಿ ಸರಪಳಿಯನ್ನು ರಿಮ್ಮಿನ ತೂತಿನಿಂದ ಹಾಯಿಸಿ ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ಸೇರಿಸಿ ಬೀಗ ಹಾಕುವುದರಲ್ಲಿ. ಕೇಬಲ್ ತುಂಡಾದರೂ ಚಕ್ರ ರಸ್ತೆಗೆ ಉರುಳಿ ಹೋಗುವುದಿಲ್ಲ, ಅದೊಂದು ಹೆಚ್ಚುವರಿ ಲಾಭ. ಸರಪಳಿಯನ್ನು ಆಕ್ಸಲ್, ಲೀಫ್ ಸ್ಪ್ರಿಂಗ್‌ನಂಥ ಅಲ್ಲಾಡುವ ಭಾಗಕ್ಕೆ ಸುತ್ತಬೇಡಿ. ಸೈಲೆನ್ಸರ್, ಬ್ರೇಕ್ ಪೈಪ್, ವೈರಿಂಗ್ ಇದ್ದಲ್ಲಿಂದಲೂ ದೂರ ಇರಲಿ. ಹಳೆಯ ಸೈಕಲ್ ಟ್ಯೂಬಿನೊಳಗೆ ಸರಪಳಿ ತೂರಿಸಿದರೆ ಗಡಗಡ ಸದ್ದೂ ಇಲ್ಲ, ರಿಮ್ಮಿಗೆ ಗೀರೂ ಇಲ್ಲ. ಬೀಗ ಹಿತ್ತಾಳೆಯದೇ ಇರಲಿ, ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತದೆ. ಕೀಲಿಯನ್ನು ಟೂಲ್ ಕಿಟ್ಟಿನಲ್ಲೇ ಇಡಿ. ಮನೆಯ ಕಪಾಟಿನಲ್ಲಿದ್ದರೆ ಚಾರ್ಮಾಡಿ ಘಾಟಿಯಲ್ಲಿ ಪ್ರಯೋಜನ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಬಗ್ಗಿ ನೋಡಿಯೇ ದುಡ್ಡು ಕೊಡಿ. 2020ರ ನಿಯಮದ ಪ್ರಕಾರ ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್ ಮತ್ತು ಟೈರಿನ ಗಾಳಿ ಒತ್ತಡ ತೋರಿಸುವ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಹಾಗಾಗಿ ಅಡಿ ಖಾಲಿ ಇದ್ದರೆ ಅದು ಕಂಪನಿಯಿಂದಲೇ ಹಾಗೆಯೋ, ನಡುವೆ ಯಾರೋ ಮಾರಿಕೊಂಡದ್ದೋ ಕೇಳಿ.

ಗಾಳಿಯನ್ನು ಉಳಿದ ನಾಲ್ಕು ಟೈರಿನ ಜೊತೆಗೇ ನೋಡಿಸಿ. ಪೆಟ್ರೋಲ್ ಬಂಕಿನ ಹುಡುಗ ತಾನಾಗಿ ಕೇಳುವುದಿಲ್ಲ, ನೀವೇ ಹೇಳಬೇಕು. ವಾಲ್ವ್ ಮೇಲ್ಮುಖವಾಗಿದ್ದರೆ ಪ್ರತಿ ಸಲ ಇಳಿಸದೆ ಆಗುವುದಿಲ್ಲ, ಅಂಥವರು ಪತ್ತನಾಜೆಗೊಮ್ಮೆ, ದೀಪಾವಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ಒಮ್ಮೆ ಇಳಿಸಿದರೆ ಸಾಕು. ಆಗಲೇ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯನ್ನೂ ಓದಿ: 2319 ಅಂತಿದ್ದರೆ ಅದು 2019ರ 23ನೇ ವಾರದ ಟೈರ್. ಒಮ್ಮೆಯೂ ರಸ್ತೆ ಮುಟ್ಟದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಬದಿಯಲ್ಲಿ ಬಿರುಕು ಕಂಡರೆ ಬದಲಿಸಿ.