ಅಪ್ಪನ ಉಯಿಲು: ಕೋರ್ಟಿಗೆ ಹೋಗದೆ ಖಾತೆಯಾದ ಬಗೆ

ಉಯಿಲಿಗೆ ಎರಡು ಪುಟ, ಇಬ್ಬರು ಸಾಕ್ಷಿ ಸಾಕು, ವಕೀಲರಿಗೆ ದುಡ್ಡು ಸುರಿಯಬೇಡಿ ಎಂದು ನೆಂಟರೂ ಹೇಳಿದರು, ಪತ್ರ ಬರಹಗಾರರೂ ಹೇಳಿದರು. ನಾವು ಆ ಮಾತು ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಜಮೀನು, ಮನೆ, ಬ್ಯಾಂಕ್ ಠೇವಣಿ, ಷೇರು ಎಲ್ಲವೂ ಒಂದೂ ತಕರಾರಿಲ್ಲದೆ ಆರೇಳು ತಿಂಗಳಲ್ಲಿ ಅವರವರ ಹೆಸರಿಗೆ ಬಂದವು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಪಹಣಿ, ಇಸಿ (ಆಸ್ತಿಯ ಮೇಲಿನ ಋಣಭಾರ, ವಹಿವಾಟು ತೋರಿಸುವ ಪ್ರಮಾಣಪತ್ರ), ಖಾತೆ ತೆಗೆಸುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಉಯಿಲು ಬರೆಸುವ ಮೊದಲು ವರ್ಷದ ಹತ್ತಿರ ಹೋಗಿದ್ದು ದಾಖಲೆ ಸರಿಪಡಿಸುವುದಕ್ಕೇ. ಬರಹಗಾರರು ಕೊಟ್ಟ ಮೊದಲ ಕರಡಿನಲ್ಲಿ ಪಿತ್ರಾರ್ಜಿತ ಜಮೀನು ಇಡಿಯಾಗಿ ಮಗನಿಗೆ ಎಂದಿತ್ತು. ಅದು ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಒಟ್ಟು ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಲು ಬರುತ್ತದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಅದರಲ್ಲಿ ಸಂಶಯಕ್ಕೆ ಜಾಗವಿಲ್ಲ. ವಕೀಲರು ಹೇಳಿದಂತೆ ಮೊದಲು ವಿಭಾಗ ಪತ್ರ ನೋಂದಣಿ ಮಾಡಿಸಿ, ಅಕ್ಕ ತಂಗಿಯರ ಪಾಲು ಅವರಿಗೆ ಕೊಟ್ಟು, ಅಪ್ಪನ ಭಾಗಕ್ಕೆ ಬಂದ ಹಿಸ್ಸಾವನ್ನಷ್ಟೇ ಉಯಿಲಿಗೆ ಸೇರಿಸಿದೆವು. 11ಇ ನಕ್ಷೆಗೆ (ಜಮೀನು ಭಾಗ ಮಾಡುವ ಮುಂಚೆ ಅಳೆದು ಕೊಡುವ ನಕ್ಷೆ) ಸರ್ವೆಯವರನ್ನು ಕಾಯುವುದರಲ್ಲೇ ಕೆಲವು ತಿಂಗಳು ಕಳೆದವು. ಸರ್ವೆ, ನೋಂದಣಿ, ಓಡಾಟ ಸೇರಿ ಸುಮಾರು ನಲವತ್ತು ಸಾವಿರ. ಉಯಿಲಿನ ಖರ್ಚಿಗಿಂತ ಇದೇ ದೊಡ್ಡದು, ಮತ್ತು ಇಲ್ಲಿ ಹಾಕಿದ ದುಡ್ಡೇ ಆಮೇಲೆ ಕೋರ್ಟ್ ಖರ್ಚನ್ನು ಉಳಿಸಿದ್ದು. ಭೂಸುಧಾರಣೆಯಲ್ಲಿ ಬಂದ ಜಮೀನು, ಸರ್ಕಾರ ಮಂಜೂರು ಮಾಡಿದ ಜಮೀನು ಇದ್ದರೆ ಅದರ ಆದೇಶಪತ್ರದ ಷರತ್ತು ವಕೀಲರಿಗೆ ತೋರಿಸದೆ ಒಂದಕ್ಷರವನ್ನೂ ಬರೆಸಬೇಡಿ.

ಹೆಸರಿನ ವಿಚಾರವೂ ಸಣ್ಣದಲ್ಲ. ಪಹಣಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಕ್ರಯಪತ್ರದಲ್ಲಿ ಮತ್ತೊಂದು. ಮೂರನ್ನೂ 'ಉರುಫ್' ಹಾಕಿ ಉಯಿಲಿನ ಮೊದಲ ವಾಕ್ಯದಲ್ಲೇ ಬರೆಸಿದೆವು. ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ) ಹಳೆಯ ಪತ್ರದಿಂದ ನಕಲು ಮಾಡಲಿಲ್ಲ. ಪೂರ್ವಕ್ಕೆ ಇಂಥವರ ಜಮೀನು ಎಂದಿದ್ದದ್ದು ಈಗ ಯಾರದೋ ಸೈಟು ಆಗಿರುತ್ತದೆ. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಈಗಿನ ಚೆಕ್ಕುಬಂದಿ ಸೇರಿಸಿ ಷೆಡ್ಯೂಲನ್ನು, ಅಂದರೆ ಆಸ್ತಿಯ ವಿವರಪಟ್ಟಿಯನ್ನು, ಹೊಸದಾಗಿಯೇ ಬರೆಸಿದೆವು.

ಎರಡನೇ ಕರಡು ಬಿದ್ದದ್ದು ಅಮ್ಮನ ಮನೆಯ ವಿಷಯದಲ್ಲಿ. 'ಹೆಂಡತಿಗೆ ಸಂಪೂರ್ಣ ಹಕ್ಕು, ಆಕೆಯ ಕಾಲಾನಂತರ ಮಕ್ಕಳಿಗೆ' ಎಂದಿತ್ತು. ಒಮ್ಮೆ ಸಂಪೂರ್ಣ ಹಕ್ಕು ಕೊಟ್ಟ ಮೇಲೆ ಎರಡನೇ ಮಾತಿಗೆ ಬಲವಿಲ್ಲ. ಬದಲಿಗೆ ಜೀವಿತಾವಧಿ ಹಕ್ಕು ಮಾತ್ರ ಎಂದು ಬರೆದರೂ ಬೇರೆ ತೊಡಕು: ಅದು ಜೀವನಾಂಶದ ಬದಲಿಗೆ ಕೊಟ್ಟದ್ದು ಎಂದಾದರೆ ಅದೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ನೇ ಕಲಂ ಪ್ರಕಾರ ಪೂರ್ಣ ಹಕ್ಕಾಗಿ ಬೆಳೆಯುತ್ತದೆ. ತುಳಸಮ್ಮ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ನಾವು ತೇಪೆ ಹಾಕಲು ಹೋಗಲಿಲ್ಲ. ಮನೆ ಅಮ್ಮನಿಗೆ ಪೂರ್ತಿ, ಅಮ್ಮ ಅದೇ ದಿನ ತನ್ನದೇ ಉಯಿಲು ಬರೆದರು. ಒಂದು ಉಯಿಲಿನಲ್ಲಿ ಎರಡು ತಲೆಮಾರನ್ನು ಕಟ್ಟಿಹಾಕಲು ಹೊರಟವರು ಹೆಚ್ಚಾಗಿ ಇಲ್ಲೇ ಸಿಕ್ಕಿಬೀಳುತ್ತಾರೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಮುಂದಿನದು. ಆಸ್ತಿ ಪಡೆಯುವವರು ಉಯಿಲು ಬರೆಸುವ ಕೋಣೆಯಲ್ಲಿ ಇರಬಾರದು. ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1959ರಲ್ಲೇ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಅದು ಸಂಶಯಾಸ್ಪದ ಸಂದರ್ಭ, ಆ ಸಂಶಯ ಕಳೆಯುವ ಹೊಣೆ ಉಯಿಲು ಮುಂದಿಡುವವನದು. ದಾಖಲೆ ಜೋಡಿಸುವವರೆಗೆ ನಾನಿದ್ದೆ. ಯಾರಿಗೆ ಏನು ಎಂಬುದನ್ನು ಅಪ್ಪ ಒಬ್ಬರೇ ಕೂತು ವಕೀಲರಿಗೆ ಹೇಳಿದರು, ವಕೀಲರು ಕೈಬರಹದಲ್ಲಿ ಬರೆದುಕೊಂಡು ಪ್ರತಿ ಪುಟಕ್ಕೂ ಅಪ್ಪನ ಸಹಿ ಹಾಕಿಸಿ ಆ ಟಿಪ್ಪಣಿಯನ್ನು ತಮ್ಮ ಕಡತದಲ್ಲೇ ಇಟ್ಟರು. ಕಡಿಮೆ ಪಾಲು ಬಂದವರ ಹೆಸರು ಬಿಡಲಿಲ್ಲ. ಯಾಕೆ ಕಡಿಮೆ, ಮೊದಲೇ ಏನು ಕೊಟ್ಟಾಗಿದೆ ಎಂದು ಒಂದೊಂದು ವಾಕ್ಯ ಅಪ್ಪನ ಮಾತಿನಲ್ಲೇ ಬಂತು. ಅಪ್ಪನ ತಾಯಿ, ಅಂದರೆ ಅಜ್ಜಿ, ಇದ್ದರೆ ಅವರ ಹೆಸರೂ ಬರಬೇಕು. ಹೆಂಡತಿ ಮಕ್ಕಳಂತೆ ತಾಯಿಯೂ ಮೊದಲ ವರ್ಗದ ವಾರಸುದಾರಳು ಎಂಬುದನ್ನು ಬಹಳ ಕರಡುಗಳು ಮರೆತೇಬಿಡುತ್ತವೆ.

ಸಾಕ್ಷಿಗಳಾಗಿ ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಆರಿಸಿದೆವು. ಕಾರಣ ಸರಳ: ತಕರಾರು ಬಂದರೆ, ಸಾಕ್ಷಿ ಬದುಕಿದ್ದರೆ, ಕನಿಷ್ಠ ಒಬ್ಬರಾದರೂ ಕಟಕಟೆ ಹತ್ತಲೇಬೇಕು. ಒಬ್ಬರು ಅಪ್ಪನನ್ನು ನೋಡುತ್ತಿದ್ದ ವೈದ್ಯರು. ಕೊನೆಯ ಸಾಲಿನಲ್ಲಿ 'ಬರೆದವರು ನಮ್ಮೆದುರು ಸಹಿ ಮಾಡಿದರು, ನಾವು ಅವರೆದುರು ಸಹಿ ಮಾಡಿದೆವು' ಎಂದೇ ಇರಬೇಕು, 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಅದನ್ನೇ. ಬರೀ 'ಸಾಕ್ಷಿಗಳು' ಎಂದು ಬರೆದು ಎರಡು ಸಹಿ ಹಾಕಿಸಿದರೆ ಮುಂದೆ ಕೋರ್ಟಿನಲ್ಲಿ ಎದುರಾಳಿ ವಕೀಲರ ಪಾಟೀಸವಾಲಿನಲ್ಲಿ ಒದ್ದಾಡಬೇಕು.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಛಾಪಾ ಕಾಗದದ ಶುಲ್ಕ ಇಲ್ಲ, ನೋಂದಣಿಗೆ ಕೆಲವು ನೂರು ರೂಪಾಯಿ ಅಷ್ಟೆ. ಉಯಿಲು ದಾಖಲಾಗುವುದು ನೋಂದಣಿ ಕಚೇರಿಯ 3ನೇ ಪುಸ್ತಕದಲ್ಲಿ, ಆದ್ದರಿಂದ ಇಸಿ ತೆಗೆದವರಿಗೆ ಕಾಣುವುದಿಲ್ಲ. ಬರೆದವರು ಬದುಕಿರುವವರೆಗೆ ನಕಲು ಬೇರೆಯವರಿಗೆ ಕೊಡುವುದೂ ಇಲ್ಲ. ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ ಬೇಡ. ನಡೆಯಲಾಗದವರಿದ್ದರೆ ಅಧಿಕಾರಿ ಮನೆಗೇ ಬರಲು ಅವಕಾಶವಿದೆ.

ಇದರ ಜೊತೆಗೆ ಒಂದೆರಡು ಪ್ರಯೋಗ ಮಾಡಿದೆವು. ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಬಳಿ ಇಡುವ ದಾರಿಯನ್ನು ವಿಚಾರಿಸಿದೆವು. ಗುಟ್ಟು ಉಳಿಯುತ್ತದೆ, ಆದರೆ ಆಮೇಲೆ ತೆರೆಸುವ ಓಡಾಟ ಹೆಚ್ಚು ಎಂದು ಬಿಟ್ಟೆವು. ಸಹಿ ಮಾಡುವುದನ್ನು ವಿಡಿಯೋ ಮಾಡಿದೆವು. ವಕೀಲರಿಗೆ ಅದು ಅಷ್ಟು ಇಷ್ಟವಿರಲಿಲ್ಲ, ಮುದುಕರು ಒಂದು ಕ್ಷಣ ತಡವರಿಸಿದರೂ ಎದುರಾಳಿಗೆ ಅದೇ ಆಯುಧ. ಮಾಡಿದರೆ ಮೂಲ ಫೋನನ್ನು ಹಾಗೇ ಇಡಬೇಕು, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು. ನನ್ನ ಮಟ್ಟಿಗೆ ವೈದ್ಯರ ಅದೇ ದಿನದ ಚೀಟಿ ವಿಡಿಯೋಗಿಂತ ಗಟ್ಟಿ.

ನಾಮಿನಿಯೇ ಮಾಲೀಕ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಬ್ಯಾಂಕು ದುಡ್ಡು ಕೊಡುವುದು ನಾಮಿನಿಗೆ, ಆದರೆ ಆತ ವಾರಸುದಾರರ ಪರವಾಗಿ ಹಿಡಿದುಕೊಂಡಿರುವವನು. ಷೇರುಗಳಿಗೂ ಹಾಗೇ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರಿಂದ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ಲೆಕ್ಕ ಬೇರೆ. ಆದ್ದರಿಂದ ಉಯಿಲಿನಲ್ಲಿ ಯಾರ ಹೆಸರಿದೆಯೋ ಅವರನ್ನೇ ಎಲ್ಲ ಖಾತೆಗೂ ನಾಮಿನಿ ಮಾಡಿಸಿದೆವು. 2025ರ ನವೆಂಬರಿನಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಿ ಶೇಕಡಾವಾರು ಹಂಚಬಹುದು. ನಮ್ಮ ಕಾಲಕ್ಕೆ ಅದಿರಲಿಲ್ಲ, ಠೇವಣಿ ಒಡೆದು ಬೇರೆ ಬೇರೆ ಮಾಡಿಸಬೇಕಾಯಿತು.

ವಕೀಲರ ಶುಲ್ಕ ಎರಡು ಉಯಿಲಿಗೂ ಸೇರಿ ಹದಿನೆಂಟು ಇಪ್ಪತ್ತು ಸಾವಿರದ ಆಸುಪಾಸು. ಮೊದಲು ಕೇಳಿದ ಒಬ್ಬರು ಆಸ್ತಿಯ ಮೌಲ್ಯದ ಮೇಲೆ ಶೇಕಡಾ ಲೆಕ್ಕ ಹೇಳಿದ್ದರು, ಅಲ್ಲಿಂದ ಎದ್ದು ಬಂದೆವು. ಷೆಡ್ಯೂಲು, ವಂಶವೃಕ್ಷ, ದಾಖಲೆಗಳ ಪಟ್ಟಿ ನಾವೇ ಟೈಪು ಮಾಡಿಕೊಂಡು ಹೋದರೆ ದರ ಇಳಿಯುತ್ತದೆ. ಇನ್ನೂ ಇಳಿಸಿದ ಒಂದು ಮಾತುಕತೆಯ ದಾರಿಯಿದೆ, ಅದು ನನ್ನ ಬಳಿಯೇ ಇರಲಿ. ಪುಟ ಬದಲಾಯಿಸದಂತೆ ಪ್ರತಿ ಹಾಳೆಗೆ ಹಾಕಿದ ಗುರುತನ್ನೂ ಹೇಳಲಾರೆ, ಹೇಳಿದರೆ ಅದಕ್ಕೆ ಅರ್ಥವಿಲ್ಲ.

ನಮ್ಮ ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ಸರಿಯಾದದ್ದು ಎಂದು ಕೋರ್ಟು ಕೊಡುವ ದೃಢೀಕರಣ) ಕಡ್ಡಾಯವಲ್ಲ. ಮರಣ ಪ್ರಮಾಣಪತ್ರ, ಉಯಿಲಿನ ದೃಢೀಕೃತ ನಕಲು, ವಂಶವೃಕ್ಷ ಇಟ್ಟು ಖಾತೆಗೆ ಅರ್ಜಿ ಹಾಕಿದೆವು. ನೋಟಿಸಿನ ಅವಧಿಯಲ್ಲಿ ಯಾರಾದರೂ ಉಯಿಲನ್ನೇ ಪ್ರಶ್ನಿಸಿದರೆ ತಹಶೀಲ್ದಾರರು ಅದನ್ನು ತೀರ್ಮಾನಿಸುವಂತಿಲ್ಲ, ಸಿವಿಲ್ ಕೋರ್ಟೇ ಗತಿ. ನಮಗೆ ಆಕ್ಷೇಪಣೆ ಬರಲಿಲ್ಲ, ಅಕ್ಕ ತಂಗಿಯರ ಪಾಲು ವಿಭಾಗ ಪತ್ರದಲ್ಲೇ ಅವರ ಕೈ ಸೇರಿತ್ತು. ಉಯಿಲಿನ ನಂತರ ಅಪ್ಪ ಕೊಂಡಿದ್ದ ಒಂದು ಸಣ್ಣ ಸೈಟಿಗೆ 'ಉಳಿದ ಹಾಗೂ ಮುಂದೆ ಸಂಪಾದಿಸುವ ಎಲ್ಲ ಆಸ್ತಿ' ಎಂಬ ಕಡೆಯ ಕಲಮು ಸಾಕಾಯಿತು, ಪೂರಕ ಉಯಿಲು ಬೇಕಾಗಲಿಲ್ಲ.